'ಈಗ ಎಲ್ಲಿದೆ?' ಎಂಬ ಒಂದು ಕಾಲಂ: ಕರಾವಳಿಯ ವಿಶ್ವವಿದ್ಯಾಲಯವೊಂದರ ವಾರ್ಷಿಕ ಸಂಶೋಧನಾ ವರದಿಯ ಪ್ರಕರಣ

ಮೊದಲೇ ಒಂದು ಮಾತು. ಇದು ವಾರ್ಷಿಕ ಸಂಶೋಧನಾ ವರದಿಯ ಸಂಖ್ಯೆಗಳು ಎಷ್ಟು ನಿಜ ಅಂತ ನಾವೇ ಹುಡುಕಿ ನೋಡಿದ ಕತೆ, ಮಂಗಳೂರು–ಉಡುಪಿ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಯಾವುದು ಅಂತ ಹೇಳುವುದಿಲ್ಲ. ವಿಭಾಗಗಳ ಗುರುತು ಸಿಗದ ಹಾಗೆ ಬದಲಿಸಿದ್ದೇನೆ, ಒಳಗಿನ ನಿಖರ ಲೆಕ್ಕಗಳನ್ನು ಬಹಿರಂಗ ಮಾಡಿಲ್ಲ, ಯಾರ ಹೆಸರೂ ಇಲ್ಲ. ಮೂರು ವರ್ಷ ಅಲ್ಲಿನ ಸಂಶೋಧನಾ ಕೋಶದಲ್ಲಿ ಕೂತು ವಾರ್ಷಿಕ ವರದಿ ಕಟ್ಟಿದವಳು ನಾನು. ಇದೇ ಕೆಲಸ ಮಾಡುವವರು ಬೇರೆ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಕರಾವಳಿಯಲ್ಲಿ ಓದಿನ ಸಂಸ್ಥೆಗಳಿಗೆ ಬರ ಇಲ್ಲ. ಮಣಿಪಾಲದ ವೈದ್ಯಕೀಯ ಕಾಲೇಜು 1953ರದ್ದು. ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು, ಅಂದರೆ ಈಗಿನ ಎನ್‌ಐಟಿಕೆ, 1960ರದ್ದು. ಮೀನುಗಾರಿಕಾ ಕಾಲೇಜು 1969ರಲ್ಲಿ ಬಂತು. 1980ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ಮಂಗಳೂರು ವಿಶ್ವವಿದ್ಯಾಲಯ. ಆಮೇಲೆ ಡೀಮ್ಡ್ ವಿಶ್ವವಿದ್ಯಾಲಯಗಳು ಒಂದರ ಹಿಂದೆ ಒಂದು. ಇಷ್ಟು ಹತ್ತಿರ ಹತ್ತಿರ ಇಷ್ಟು ಕ್ಯಾಂಪಸ್ ಇದ್ದ ಮೇಲೆ ಹೋಲಿಕೆ ಬಂದೇ ಬರುತ್ತದೆ. ಮಗಳನ್ನು ಸೇರಿಸಲು ಬರುವ ತಂದೆ ಕೂಡ ರ್‍ಯಾಂಕ್ ಎಷ್ಟು ಅಂತ ಕೇಳುತ್ತಾರೆ.

ರ್‍ಯಾಂಕ್ ಅಂದರೆ ಮುಖ್ಯವಾಗಿ ಎನ್‌ಐಆರ್‌ಎಫ್. ಅದು ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳನ್ನು ಅಳೆದು ಹಾಕುವ ಪಟ್ಟಿ. ಅದನ್ನು ಘೋಷಿಸಿದ್ದು 2015ರಲ್ಲಿ, ಮೊದಲ ಪಟ್ಟಿ ಬಂದದ್ದು 2016ರಲ್ಲಿ. ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ 100 ಅಂಕಕ್ಕೆ 30 ಅಂಕ ಸಂಶೋಧನೆಯದ್ದು. ಸಂಸ್ಥೆಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಆಗಿನ ಏಳು ಮಾನದಂಡಗಳಲ್ಲಿ ಮೂರನೆಯದು ಸಂಶೋಧನೆ, ನಾವೀನ್ಯ ಮತ್ತು ವಿಸ್ತರಣೆ. ಪ್ರತಿ ವರ್ಷ ಐಕ್ಯೂಎಸಿಯವರು, ಅಂದರೆ ನಮ್ಮದೇ ಗುಣಮಟ್ಟ ಕೋಶದವರು, ಎಕ್ಯೂಎಆರ್ ಎಂಬ ವಾರ್ಷಿಕ ಗುಣಮಟ್ಟ ವರದಿಯನ್ನು ಅವರಿಗೆ ಕಳಿಸಬೇಕು. 2018ರಿಂದ, ಹೊಸ ಯೋಚನೆ, ಸ್ಟಾರ್ಟಪ್‌ಗಳಿಗಾಗಿ ಕ್ಯಾಂಪಸ್‌ಗಳಲ್ಲಿ ಶುರುವಾದ ಇನ್ನೋವೇಶನ್ ಕೌನ್ಸಿಲ್‌ನ ಚಟುವಟಿಕೆಗಳ ಲೆಕ್ಕವೂ ಸೇರಿತು. ಎಷ್ಟು ಪ್ರಬಂಧ, ಎಷ್ಟು ಪೇಟೆಂಟ್, ಎಷ್ಟು ಪಿಎಚ್‌ಡಿ, ಎಷ್ಟು ಸ್ಟಾರ್ಟಪ್, ಬೇರೆ ಸಂಸ್ಥೆಗಳ ಜೊತೆ ಎಷ್ಟು ಎಂಒಯು, ಅಂದರೆ ಒಪ್ಪಂದ. ವರ್ಷವಿಡೀ ವಿಭಾಗಗಳಿಗೆ ನಾವು ಹೇಳುವ ಮಾತು ಒಂದೇ: "ಡಾಟಾ ಕಳಿಸಿ."

ಆಡಳಿತ ಕೆಟ್ಟ ಉದ್ದೇಶದಿಂದ ಏನನ್ನೂ ಮಾಡಿರಲಿಲ್ಲ. ಪ್ರಬಂಧ ಬರೆದವರಿಗೆ ಪ್ರೋತ್ಸಾಹಧನ ಕೊಟ್ಟರು. ಪೇಟೆಂಟ್ ಅರ್ಜಿ ಹಾಕಿದರೆ ಶುಲ್ಕ ವಿಶ್ವವಿದ್ಯಾಲಯವೇ ಕಟ್ಟುತ್ತದೆ ಅಂದರು. ಹೊಸಬರಿಗೆ ಸಂಶೋಧನೆ ಶುರು ಮಾಡಲು ಸೀಡ್ ಮನಿ ಇಟ್ಟರು. ಎರಡು ವರ್ಷದಲ್ಲಿ ಗ್ರಾಫ್ ಮೇಲೆ ಹೋಯಿತು. ಪ್ರಬಂಧಗಳ ಸಂಖ್ಯೆ ಏರಿತು, ಪೇಟೆಂಟ್ ಸಂಖ್ಯೆ ಅದಕ್ಕಿಂತ ಜೋರಾಗಿ ಏರಿತು. ವಾರ್ಷಿಕ ವರದಿಯ ಮುಖಪುಟದಲ್ಲಿ ಆ ಗ್ರಾಫನ್ನೇ ಹಾಕಿದ್ದೆವು. ಆ ಮುಖಪುಟ ಮಾಡಿಸಿದ್ದು ನಾನೇ, ಹೆಮ್ಮೆಯಿಂದಲೇ ಮಾಡಿಸಿದ್ದೆ.

ಸಮಸ್ಯೆ ಗೊತ್ತಾದದ್ದು

ಜುಲೈ ತಿಂಗಳು. ಹೊರಗೆ ಜಡಿಮಳೆ. ವರದಿ ಕಳಿಸಲು ನಾಲ್ಕು ದಿನ ಬಾಕಿ. ವಿಜ್ಞಾನ ವಿಭಾಗದ ಒಬ್ಬ ಕಿರಿಯ ಅಧ್ಯಾಪಕಿ ಒದ್ದೆ ಕೊಡೆಯನ್ನು ಬಾಗಿಲ ಬಳಿ ನಿಲ್ಲಿಸಿ ಒಳಗೆ ಬಂದರು. ಮೊಬೈಲ್ ತೆಗೆದು ಒಂದು ಇಮೇಲ್ ತೋರಿಸಿದರು. ಅವರ ಹೆಸರಿದ್ದ ಒಂದು ಪ್ರಬಂಧವನ್ನು ಜರ್ನಲ್ ಹಿಂಪಡೆದಿತ್ತು, ಅಂದರೆ ಪ್ರಕಟಿಸಿದ್ದನ್ನು ಇನ್ನು ನಂಬಬೇಡಿ ಅಂತ ರದ್ದು ಮಾಡಿತ್ತು. ವಿಮರ್ಶಕರ ಪರಿಶೀಲನೆ ಪ್ರಾಮಾಣಿಕವಾಗಿ ನಡೆದಿಲ್ಲ ಎಂಬ ಕಾರಣ ಕೊಟ್ಟಿದ್ದರು.

"ಮೇಡಂ, ಇದನ್ನು ಲಿಸ್ಟಿನಿಂದ ತೆಗೀಬೇಕಾ?" ಅಂತ ಕೇಳಿದರು. ಧ್ವನಿ ನಡುಗುತ್ತಿತ್ತು.

ಕೂರಿಸಿ ಮಾತಾಡಿಸಿದೆ. ಪ್ರಬಂಧದಲ್ಲಿ ಏಳು ಲೇಖಕರು. ಅವರಲ್ಲಿ ಐದು ಜನರನ್ನು ಇವರು ಮುಖತಃ ನೋಡಿಯೇ ಇಲ್ಲ. ಒಂದು ವಾಟ್ಸಾಪ್ ಗುಂಪಿನ ಮೂಲಕ ಸೇರಿಕೊಂಡಿದ್ದರು. ಇವರು ಮಾಡಿಕೊಟ್ಟದ್ದು ಎರಡು ಪ್ಯಾರಾ ಮತ್ತು ಒಂದು ಪಟ್ಟಿ. ಬಡ್ತಿಗೆ ಅಂಕ ಬೇಕಿತ್ತು. ವಿಭಾಗದಲ್ಲಿ ವರ್ಷಕ್ಕೆ ಇಷ್ಟು ಪ್ರಬಂಧ ಅಂತ ಗುರಿ ಹಾಕಿದ್ದರು. ವಾರಕ್ಕೆ ಹದಿನಾರು ಗಂಟೆ ಪಾಠ, ಮನೆಯಲ್ಲಿ ಸಣ್ಣ ಮಗು. ಆ ಗುರಿ ಮುಟ್ಟುವ ದಾರಿ ಯಾವುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗುರಿ ಇಟ್ಟವರ ಪೈಕಿ ನಾವೂ ಇದ್ದೆವು ಅಲ್ವಾ?

ಇದು ನಮ್ಮೂರಿನದ್ದು ಮಾತ್ರ ಅಲ್ಲ. 2023 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಪ್ರಬಂಧಗಳನ್ನು ಜರ್ನಲ್‌ಗಳು ಹಿಂಪಡೆದಿದ್ದವು. ಆದರೆ ಸುದ್ದಿಯಲ್ಲಿ ಓದುವುದು ಬೇರೆ, ಎದುರಿಗೆ ಕೂತು ಕಣ್ಣೊರೆಸಿಕೊಳ್ಳುವವರನ್ನು ನೋಡುವುದು ಬೇರೆ.

ಆ ರಾತ್ರಿ ನಾನು ಮತ್ತು ನನ್ನ ಸಹೋದ್ಯೋಗಿ ಕೂತು ಇಡೀ ಎಕ್ಸೆಲ್ ಶೀಟನ್ನು ಸಾಲು ಸಾಲಾಗಿ ನೋಡಿದೆವು. ಮೊದಲು ಕಂಡದ್ದು ಹಿಂಪಡೆದ ಪ್ರಬಂಧಗಳಲ್ಲ, ಅದಕ್ಕಿಂತ ಸಾದಾ ತಪ್ಪು. ಒಂದೇ ಪ್ರಬಂಧ ಮೂರು ವಿಭಾಗಗಳ ಪಟ್ಟಿಯಲ್ಲಿ ಮೂರು ಸಲ ಇತ್ತು. ಮೂವರು ಸಹಲೇಖಕರು ಮೂರು ವಿಭಾಗದವರು, ಮೂವರೂ ಡಾಟಾ ಕಳಿಸಿದ್ದರು, ನಾವು ಕೂಡಿಸಿದ್ದೆವು. ಯಾರೂ ಸುಳ್ಳು ಹೇಳಿರಲಿಲ್ಲ. ಒಟ್ಟು ಮಾತ್ರ ಸುಳ್ಳಾಗಿತ್ತು.

ಇದರ ತದ್ವಿರುದ್ಧದ ತಪ್ಪೂ ಇತ್ತು. ನಮ್ಮವರು ವಿಶ್ವವಿದ್ಯಾಲಯದ ಹೆಸರನ್ನು ಏಳೆಂಟು ರೀತಿ ಬರೆಯುತ್ತಿದ್ದರು. ಒಬ್ಬರು ಪೂರ್ತಿ ಹೆಸರು, ಇನ್ನೊಬ್ಬರು ಸಂಕ್ಷಿಪ್ತ ಅಕ್ಷರ, ಮತ್ತೊಬ್ಬರು ಬರೀ ಕಾಲೇಜಿನ ಹೆಸರು. ಹಾಗಾಗಿ ಪ್ರಬಂಧಗಳ ಲೆಕ್ಕ ಇಡುವ ಸ್ಕೋಪಸ್ ಎಂಬ ಡೇಟಾಬೇಸ್‌ನಲ್ಲಿ ನಮ್ಮ ಕೆಲವು ಒಳ್ಳೆಯ ಪ್ರಬಂಧಗಳು ನಮ್ಮ ಖಾತೆಗೇ ಬಂದಿರಲಿಲ್ಲ. ಇಲ್ಲದ್ದು ಲೆಕ್ಕದಲ್ಲಿ ಇತ್ತು, ಇದ್ದದ್ದು ಇರಲಿಲ್ಲ.

ಪೇಟೆಂಟ್ ಸಾಲುಗಳ ಕತೆ ಇನ್ನೂ ಹೆಚ್ಚು ಯೋಚನೆಗೆ ಹಚ್ಚಿತು. ಪಟ್ಟಿಯಲ್ಲಿದ್ದ ಹೆಚ್ಚಿನವು 'ಪಬ್ಲಿಶ್' ಆದವು. ಪಬ್ಲಿಶ್ ಆಯ್ತು ಅಂದರೆ ಪೇಟೆಂಟ್ ಸಿಕ್ಕಿತು ಅಂತ ನಮ್ಮಲ್ಲಿ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಅರ್ಜಿ ಹಾಕಿದ 18 ತಿಂಗಳಿಗೆ ಪೇಟೆಂಟ್ ಕಚೇರಿ ಅದನ್ನು ತನ್ನ ಜರ್ನಲ್‌ನಲ್ಲಿ ಪ್ರಕಟಿಸುತ್ತದೆ. ಬೇಗ ಬೇಕು ಅಂದರೆ ಫಾರ್ಮ್ 9 ಮತ್ತು ಶುಲ್ಕ ಕೊಟ್ಟರೆ ಸುಮಾರು ಒಂದು ತಿಂಗಳಲ್ಲೇ ಪ್ರಕಟವಾಗುತ್ತದೆ. ಆ ಹಂತದಲ್ಲಿ ಇದು ಹೊಸತೇ, ಕೆಲಸ ಮಾಡುತ್ತದೆಯೇ ಅಂತ ಯಾರೂ ನೋಡಿರುವುದಿಲ್ಲ. ನೋಡಬೇಕಾದರೆ ನಾವೇ ಪರೀಕ್ಷೆಗೆ ಕೋರಿಕೆ ಸಲ್ಲಿಸಬೇಕು. ಮೊದಲು ಅದಕ್ಕೆ 48 ತಿಂಗಳ ಗಡುವಿತ್ತು, 2024ರ ನಿಯಮಗಳಲ್ಲಿ 31 ತಿಂಗಳಿಗೆ ಇಳಿಸಿದರು. ಗಡುವಿನೊಳಗೆ ಕೋರಿಕೆ ಹೋಗದಿದ್ದರೆ ಅರ್ಜಿಯನ್ನು ವಾಪಸ್ ಪಡೆದ ಹಾಗೆಯೇ ಲೆಕ್ಕ.

ನಮ್ಮ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅರ್ಜಿಗಳಿಗೆ ಆ ಕೋರಿಕೆಯೇ ಹೋಗಿರಲಿಲ್ಲ. ಪ್ರಕಟವಾದ ದಿನ ಪ್ರೋತ್ಸಾಹಧನ ಸಿಕ್ಕಿತ್ತು, ಫೋಟೋ ತೆಗೆದಾಗಿತ್ತು, ಅಲ್ಲಿಗೆ ಮುಗಿದಿತ್ತು. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ಶೇಕಡಾ 80ರಷ್ಟು ಕಡಿಮೆ ಮಾಡಿದ್ದು ನಿಜವಾಗಿಯೂ ಒಳ್ಳೆಯ ಕ್ರಮ. ಅರ್ಜಿ ಹಾಕುವುದು ಅಗ್ಗವಾಯಿತು. ಆದರೆ ಹಾಕಿದ ಮೇಲೆ ಅದರ ಬೆನ್ನು ಹಿಡಿಯುವ ವ್ಯವಸ್ಥೆ ನಮ್ಮಲ್ಲಿ ಇರಲಿಲ್ಲ.

ಮಾಡಿ ನೋಡಿದ್ದು, ಸೋತದ್ದು

ಆ ವರ್ಷದ ವರದಿಯಲ್ಲಿ ಎರಡೆರಡು ಸಲ ಬಂದದ್ದನ್ನು ಮಾತ್ರ ತೆಗೆದು ಕಳಿಸಿದೆವು. ಸಮಯ ಇರಲಿಲ್ಲ. ಆಮೇಲೆ ಸರಿಪಡಿಸಲು ಹೊರಟಾಗ ಮೊದಲ ಎರಡು ಪ್ರಯತ್ನಗಳು ಕೈಕೊಟ್ಟವು.

ಮೊದಲನೆಯದು ಬಿಗಿ ನಿಯಮ. ಕ್ಯೂ1 ಜರ್ನಲ್‌ನಲ್ಲಿ, ಅಂದರೆ ಆಯಾ ವಿಷಯದ ಮೇಲಿನ ಕಾಲು ಭಾಗದ ಜರ್ನಲ್‌ಗಳಲ್ಲಿ, ಬಂದರೆ ಮಾತ್ರ ಪ್ರೋತ್ಸಾಹಧನ, ಉಳಿದದ್ದು ಲೆಕ್ಕಕ್ಕಿಲ್ಲ ಅಂತ ಸುತ್ತೋಲೆ ಹೊರಟಿತು. ಹತ್ತೇ ದಿನದಲ್ಲಿ ಭಾಷಾ ವಿಭಾಗದ ಹಿರಿಯರೊಬ್ಬರು ಬಂದರು. ಆರು ವರ್ಷದಿಂದ ಅವರು ಬೆಳ್ತಂಗಡಿ, ಕಾರ್ಕಳದ ಹಳ್ಳಿಗಳಿಗೆ ಹೋಗಿ, ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಾ ಹೆಂಗಸರು ಹಾಡುವ ಪಾಡ್ದನಗಳನ್ನು, ಅಂದರೆ ತುಳು ಕಥನಗೀತೆಗಳನ್ನು, ದಾಖಲಿಸುತ್ತಿದ್ದರು. ಯಂತ್ರದ ನಾಟಿ ಬಂದ ಮೇಲೆ ಹಾಡುವವರು ಕಡಿಮೆಯಾಗಿದ್ದಾರೆ, ಇದ್ದವರಿಗೆ ವಯಸ್ಸಾಗಿದೆ. ಅವರ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಇನ್ನೆಲ್ಲೂ ಸಿಗದ ಧ್ವನಿಗಳು. ಬರೆದದ್ದೆಲ್ಲ ಕನ್ನಡದಲ್ಲಿ, ತುಳುವಿನಲ್ಲಿ. "ನನ್ನ ಕ್ಯೂ ಯಾವುದು ಅಂತ ಹೇಳಿ, ಅಲ್ಲಿ ನಿಲ್ಲುತ್ತೇನೆ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಬೇಜಾರಿನಿಂದ ಹೇಳಿದ್ದು. ನಮ್ಮ ಹೊಸ ನಿಯಮದ ಪ್ರಕಾರ ಆರು ವರ್ಷದ ಆ ಕೆಲಸದ ಬೆಲೆ ಸೊನ್ನೆ. ವಾಟ್ಸಾಪ್ ಗುಂಪಿನ ಪ್ರಬಂಧಕ್ಕಾದರೂ ಒಂದು ಅಂಕ ಇತ್ತು. ಸುತ್ತೋಲೆಯನ್ನು ವಾಪಸ್ ತೆಗೆದುಕೊಂಡೆವು.

ಎರಡನೆಯದು ಸಾಫ್ಟ್‌ವೇರ್. ಎಲ್ಲ ಪ್ರಬಂಧಗಳನ್ನೂ ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕಿದೆವು. ಹೆಚ್ಚುಕಡಿಮೆ ಎಲ್ಲವೂ ಪಾಸಾದವು, ಹಿಂಪಡೆದದ್ದೂ ಸೇರಿ. ಆ ತಂತ್ರಾಂಶ ನೋಡುವುದು ಬೇರೆ ಕಡೆಯಿಂದ ನಕಲು ಮಾಡಿದ್ದಾರಾ ಅಂತ. ಪ್ರಯೋಗ ನಿಜವಾಗಿ ನಡೆದಿದೆಯಾ, ಹೆಸರಿದ್ದವರು ಕೆಲಸ ಮಾಡಿದ್ದಾರಾ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಎರಡು ತಿಂಗಳು ಹೋಯಿತು.

ಮೂರನೆಯದು ಸುಮ್ನೆ ಹೋಗಿ ಮಾತಾಡುವುದು. ಇದನ್ನು ಯೋಜನೆ ಅಂತ ಮಾಡಿದ್ದಲ್ಲ, ಬೇರೆ ದಾರಿ ಕಾಣದೆ ಮಾಡಿದ್ದು. ಪಟ್ಟಿಯ ಪ್ರತಿ ಸಾಲಿಗೂ ಆಯಾ ಅಧ್ಯಾಪಕರ ಲ್ಯಾಬಿಗೆ, ಕೋಣೆಗೆ ನಾವೇ ಹೋದೆವು. ಮೂರು ಪ್ರಶ್ನೆ. ಇದರಲ್ಲಿ ನಿಮ್ಮ ಕೈಯಿಂದ ಆದ ಕೆಲಸ ಯಾವುದು? ಮೂಲ ಡಾಟಾ ಎಲ್ಲಿದೆ, ತೋರಿಸುತ್ತೀರಾ? ಇದು ಈಗ ಎಲ್ಲಿದೆ? ಶೀಟಿನಲ್ಲಿ ಕೊನೆಯ ಪ್ರಶ್ನೆಯ ಹೆಸರಲ್ಲೇ ಒಂದು ಹೊಸ ಕಾಲಂ ಸೇರಿಸಿದೆವು.

ಮೊದಲ ವಾರ ಕಷ್ಟವಾಯಿತು. ಪೊಲೀಸರ ಹಾಗೆ ಬಂದಿದ್ದೀರಿ ಅಂದವರಿದ್ದಾರೆ. ನಂತರ ಬೇರೆ ಥರದ ಅನುಭವ ಶುರುವಾಯಿತು. ತಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವರು ತುಂಬ ಜನ ಇದ್ದರು. ಹದಿನೈದು ನಿಮಿಷ ಅಂತ ಹೋದರೆ ಒಂದೂವರೆ ಗಂಟೆ ಬಿಡುತ್ತಿರಲಿಲ್ಲ. ಹಳೇ ನೋಟ್‌ಬುಕ್ ತೆಗೆದು, ಕೆಟ್ಟುಹೋದ ಪ್ರಯೋಗಗಳನ್ನೂ ತೋರಿಸುತ್ತಿದ್ದರು. ವಾರ್ಷಿಕ ವರದಿಗಾಗಿ ಅಷ್ಟು ವರ್ಷ ಡಾಟಾ ಕೇಳಿದ್ದೆವು, ಕೆಲಸ ಏನು ಅಂತ ಒಮ್ಮೆಯೂ ಕೇಳಿರಲಿಲ್ಲ.

ಮಲ್ಪೆಯ ಪೆಟ್ಟಿಗೆ

ಪಟ್ಟಿಯಲ್ಲಿ 'ತಂತ್ರಜ್ಞಾನ ವರ್ಗಾವಣೆ' ಅಂತ ಒಂದು ಸಾಲಿತ್ತು. ಮೀನು ಒಣಗಿಸುವ ಸೌರ ಪೆಟ್ಟಿಗೆ. ಮಲ್ಪೆ ಕಡೆಯ ಒಣಮೀನು ಮಾಡುವ ಮಹಿಳೆಯರ ಒಂದು ಗುಂಪಿಗೆ ಕೊಟ್ಟದ್ದು. ಒಂದು ಪ್ರಬಂಧ, ಒಂದು ಪೇಟೆಂಟ್ ಅರ್ಜಿ, ಒಂದು ನಡೆಯುತ್ತಿರುವ ಪಿಎಚ್‌ಡಿ, ಒಂದು ವಿಸ್ತರಣಾ ಚಟುವಟಿಕೆ ಅಂತ ನಾಲ್ಕು ಕಡೆ ಅದರ ಲೆಕ್ಕ ಇತ್ತು. 'ಈಗ ಎಲ್ಲಿದೆ?' ಅಂತ ಕೇಳಿದಾಗ ಸಂಶೋಧನಾ ವಿದ್ಯಾರ್ಥಿ, "ಅಲ್ಲೇ ಇದೆ ಮೇಡಂ" ಅಂದ. ನೋಡಿ ಬರೋಣ ಅಂತ ಫೆಬ್ರವರಿಯ ಒಂದು ಬೆಳಿಗ್ಗೆ ಹೊರಟೆವು.

ಪೆಟ್ಟಿಗೆ ನಿಜವಾಗಿ ಅಲ್ಲೇ ಇತ್ತು. ಶೆಡ್ಡಿನ ಹಿಂದೆ, ತೆಂಗಿನಮರದ ನೆರಳಲ್ಲಿ. ಗಾಜಿನ ಮೇಲೆ ಮಡಲು ಬಿದ್ದಿತ್ತು. ಬಾಗಿಲ ಕೊಂಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಕಂದು ಪುಡಿಯಾಗಿ ಉದುರುತ್ತಿತ್ತು. ಒಳಗಿನ ಜಾಲರಿಯೂ ಹಾಗೇ. ನಡುವಿನ ಟ್ರೇ ತೆಗೆದು ಅಲ್ಲಿ ನೈಲಾನ್ ಹಗ್ಗದ ಸುರುಳಿ, ಎರಡು ಬಕೆಟು, ಒಂದು ಹಳೇ ತಾರ್ಪಾಲು ಇಟ್ಟಿದ್ದರು. ಹೊರಗೆ ನಮ್ಮ ವಿಶ್ವವಿದ್ಯಾಲಯದ ಲೋಗೋ ಇದ್ದ ಸ್ಟಿಕರ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಹತ್ತು ಹೆಜ್ಜೆ ಆಚೆ, ಮರಳಿನ ಮೇಲೆ ಹಾಸಿದ ಬಲೆಯಲ್ಲಿ, ಬಿಸಿಲಿಗೆ ಬಂಗುಡೆ, ಕೊಲ್ಲತರು ಒಣಗುತ್ತಿದ್ದವು. ಒಬ್ಬ ಅಜ್ಜಿ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದರು.

ಗುಂಪಿನ ಹಿರಿಯ ಹೆಂಗಸು ನಮ್ಮನ್ನು ಕೂರಿಸಿ ಚಾ ತರಿಸಿದರು. ಪೆಟ್ಟಿಗೆ ಬಗ್ಗೆ ಬೈಯಲಿಲ್ಲ. ತುಳುವಿನಲ್ಲೇ ನಿಧಾನವಾಗಿ ಹೇಳಿದರು. ಒಂದು ದಿನ ಅವರಿಗೆ ಬರುವುದು ಬುಟ್ಟಿಗಟ್ಟಲೆ ಮೀನು, ಈ ಪೆಟ್ಟಿಗೆಯಲ್ಲಿ ಹಿಡಿಯುವುದು ಒಂದು ಬುಟ್ಟಿ. ಮಧ್ಯಾಹ್ನ ಬಿಸಿ ಏರಿದರೆ ಮೀನಿನ ಹೊರಮೈ ಬೇಗ ಗಟ್ಟಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಅಂಥ ಮೀನು ವಾರದಲ್ಲಿ ವಾಸನೆ ಬಂದು ವ್ಯಾಪಾರಿ ವಾಪಸ್ ಕಳಿಸಿದ. ಎರಡು ಸಲ ಹಾಗಾಯಿತು, ಮೂರನೇ ಸಲ ನಷ್ಟ ಮಾಡಿಕೊಳ್ಳಲು ಅವರ ಹತ್ತಿರ ದುಡ್ಡಿರಲಿಲ್ಲ.

ಕೊನೆಗೆ ಅವರು ಹೇಳಿದ ಮಾತು: "ಫೋಟೋ ತೆಗೆದು ಹೋದ ಮೇಲೆ ಯಾರೂ ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆವು."

ವಿದ್ಯಾರ್ಥಿ ತಲೆ ತಗ್ಗಿಸಿ ಕೂತಿದ್ದ. ಪೆಟ್ಟಿಗೆಯನ್ನು ಅವನು ಪರೀಕ್ಷೆ ಮಾಡಿದ್ದು ಕ್ಯಾಂಪಸ್ಸಿನ ತಾರಸಿಯಲ್ಲಿ, ಒಮ್ಮೆಗೆ ಎರಡು ಕಿಲೋ ಮೀನು ಇಟ್ಟು. ಅಲ್ಲಿ ಬಂದ ಅಂಕಿಗಳೆಲ್ಲ ಸರಿಯೇ, ಪ್ರಬಂಧದಲ್ಲಿ ಸುಳ್ಳೇನೂ ಇಲ್ಲ. ಮೀನು ಒಣಗಿಸುವವರನ್ನು ಮಾತ್ರ ಅವನು ಕೇಳಿರಲಿಲ್ಲ. ಕೇಳು ಅಂತ ನಾವ್ಯಾರೂ ಹೇಳಿರಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: "ಹಾಗಾದ್ರೆ ನಿಮಗೆ ಏನು ಬೇಕು?" ಉತ್ತರ ತಯಾರಾಗಿಯೇ ಇತ್ತು. ಮರಳಿಂದ ಮೇಲೆ ಇರಬೇಕು. ಕಾಗೆ, ಬೆಕ್ಕು ಬರಬಾರದು. ಮೇ ತಿಂಗಳಲ್ಲಿ ದಿಢೀರ್ ಮಳೆ ಬಂದರೆ ಎರಡು ನಿಮಿಷದಲ್ಲಿ ಮುಚ್ಚುವ ಹಾಗಿರಬೇಕು. ಕೆಟ್ಟರೆ ಇಲ್ಲೇ ಮಲ್ಪೆಯಲ್ಲಿ ರಿಪೇರಿ ಆಗಬೇಕು.

ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆ ದಿನ ಸಂಜೆ ಕಾಲಂನಲ್ಲಿ ನಾನು ಬರೆದೆ: 'ಬಳಕೆಯಲ್ಲಿಲ್ಲ. ಕಾರಣ: ಅಳತೆ ಸಣ್ಣದು, ಒಳಗೆ ಸರಿಯಾಗಿ ಒಣಗುವುದಿಲ್ಲ, ಜಾಲರಿ ತುಕ್ಕು.' ಇದನ್ನು ವರದಿಯಲ್ಲಿ ಹಾಗೆಯೇ ಹಾಕುವುದಾ ಬಿಡುವುದಾ ಎಂಬುದು ನಮ್ಮ ಮುಂದಿನ ಪ್ರಶ್ನೆಯಾಯಿತು.

ಸಭೆ

ಇಡೀ ಪ್ರಕರಣದ ತಿರುವು ಇಲ್ಲಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾರ್ಚ್‌ನಲ್ಲಿ ಸಭೆ. ನಾವು ಎರಡು ಕಾಲಂ ಇಟ್ಟೆವು. ಒಂದರಲ್ಲಿ ವಿಭಾಗಗಳು ಕಳಿಸಿದ ಸಂಖ್ಯೆ, ಇನ್ನೊಂದರಲ್ಲಿ ಮೂರು ಪ್ರಶ್ನೆ ಕೇಳಿದ ಮೇಲೆ ಉಳಿದದ್ದು. ಪ್ರಬಂಧಗಳು ಸುಮಾರು ಮೂರನೇ ಒಂದು ಭಾಗ ಇಳಿದಿದ್ದವು. ಪೇಟೆಂಟ್‌ನಲ್ಲಿ 'ಮಂಜೂರಾದದ್ದು' ಅಂತ ಬೇರೆ ಮಾಡಿದಾಗ ಬೆರಳೆಣಿಕೆ.

ಕೋಣೆಯಲ್ಲಿ ಗಲಾಟೆ ಆಗಲಿಲ್ಲ, ಮೌನ ಆಯಿತು. ಆಮೇಲೆ ಒಬ್ಬ ಡೀನ್ ಕೇಳಿದರು: ಎಲ್ಲರೂ ಎಲ್ಲವನ್ನೂ ಹಾಕುವಾಗ ನಾವು ಮಾತ್ರ ಯಾಕೆ ಕಡಿಮೆ ತೋರಿಸಬೇಕು? ಅಡ್ಮಿಷನ್ ಹೊತ್ತಿಗೆ ಇದು ಹೊಡೆತ ಅಲ್ವಾ? ಆ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಸಂಬಳ ಬರುವುದು ಫೀಸಿನಿಂದ. ಅವರ ಚಿಂತೆ ನಿಜವಾದದ್ದೇ.

ನಾವು ಕೊಟ್ಟ ಉತ್ತರ ಹೀಗಿತ್ತು. ಎನ್‌ಐಆರ್‌ಎಫ್ ಪ್ರಬಂಧಗಳ ಲೆಕ್ಕವನ್ನು ನಮ್ಮಿಂದ ತೆಗೆದುಕೊಳ್ಳುವುದೇ ಇಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಿಂದ ನೇರ ತೆಗೆದುಕೊಳ್ಳುತ್ತದೆ. ನಾವು ಉಬ್ಬಿಸಿದ ಸಂಖ್ಯೆಯಿಂದ ಅಲ್ಲಿ ಒಂದು ಅಂಕವೂ ಬರುವುದಿಲ್ಲ. ಅಲ್ಲಿ ಬೇಕಾದದ್ದು ಹೆಸರನ್ನು ಒಂದೇ ರೀತಿ ಬರೆಯುವುದು, ಅದನ್ನೇ ನಾವು ಮಾಡಿರಲಿಲ್ಲ.

ಆದರೂ ಸಭೆ ಅತ್ತ ಇತ್ತ ತೂಗುತ್ತಿತ್ತು. ಆಗ ಹೊರಗಿನ ಸದಸ್ಯರೊಬ್ಬರು, ನಿವೃತ್ತ ಪ್ರಾಧ್ಯಾಪಕರು, ಅಷ್ಟು ಹೊತ್ತು ಸುಮ್ಮನಿದ್ದವರು, ಒಂದೇ ಪ್ರಶ್ನೆ ಕೇಳಿದರು. "ಈ ವರ್ಷ ದೊಡ್ಡ ಸಂಖ್ಯೆ ಹಾಕಿದರೆ ಮುಂದಿನ ವರ್ಷ ಅದಕ್ಕಿಂತ ದೊಡ್ಡದು ಬೇಕಾಗುತ್ತದೆ. ಅದನ್ನು ಯಾರ ತಲೆ ಮೇಲೆ ಹೊರಿಸುತ್ತೀರಿ?" ಯಾರ ತಲೆ ಅಂತ ನನಗೆ ಗೊತ್ತಿತ್ತು. ಒದ್ದೆ ಕೊಡೆ ಹಿಡಿದು ಬಂದವರು ನೆನಪಾದರು.

ಕುಲಪತಿಗಳು ಕಡಿಮೆ ಸಂಖ್ಯೆಯನ್ನೇ ಕಳಿಸಿ ಅಂದರು. ಮಲ್ಪೆಯ ಸಾಲೂ ಇರಲಿ ಅಂದರು. ಆ ನಿರ್ಧಾರ ನನ್ನ ಕೈಯಲ್ಲಿ ಇದ್ದಿದ್ದರೆ ಅಷ್ಟು ಧೈರ್ಯ ಬರುತ್ತಿತ್ತೋ ಇಲ್ಲವೋ.

ಅದೇ ಸಭೆಯಲ್ಲಿ ಇನ್ನೂ ಮೂರು ತೀರ್ಮಾನ ಆದವು. ಪ್ರೋತ್ಸಾಹಧನವನ್ನು ಪ್ರಕಟಣೆಗೆ ಕೊಡುವುದು ನಿಲ್ಲಿಸಿ, ಅದೇ ದುಡ್ಡನ್ನು ಪಾಠದ ಗಂಟೆ ಕಡಿಮೆ ಮಾಡಲು, ಉಪಕರಣ ರಿಪೇರಿಗೆ, ಕ್ಷೇತ್ರಕಾರ್ಯದ ಓಡಾಟಕ್ಕೆ ಇಟ್ಟರು. ಪಿಎಚ್‌ಡಿಗೆ ಎರಡು ಪ್ರಬಂಧ ಕಡ್ಡಾಯ ಎಂಬ ನಮ್ಮದೇ ನಿಯಮ ಕೈಬಿಟ್ಟರು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ, ಪ್ರಬಂಧ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು 2022ರ ನಿಯಮಗಳಲ್ಲೇ ತೆಗೆದಿತ್ತು, ನಾವು ಸುಮ್ನೆ ಹಿಡಿದುಕೊಂಡಿದ್ದೆವು. ಭಾಷೆ, ಇತಿಹಾಸ, ಜಾನಪದದ ಕೆಲಸವನ್ನು ಆ ವಿಷಯ ಬಲ್ಲ ಇಬ್ಬರು ಹೊರಗಿನವರು ಓದಿ ನೋಡಿ ಹೇಳಬೇಕು ಅಂತ ಮಾಡಿದರು. ಪಾಡ್ದನದ ಧ್ವನಿಗಳು ಈಗ ಗ್ರಂಥಾಲಯದ ಸರ್ವರ್‌ನಲ್ಲಿವೆ, ಹಾಡಿದವರ ಹೆಸರಿನ ಜೊತೆ.

ಆಮೇಲೆ ಏನಾಯಿತು

ರ್‍ಯಾಂಕ್ ಕುಸಿದು ಬೀಳುತ್ತದೆ ಅಂತ ಹೆದರಿದ್ದೆವು. ಬೀಳಲಿಲ್ಲ, ಏರಲೂ ಇಲ್ಲ. ಹೆಸರನ್ನು ಒಂದೇ ರೀತಿ ಬರೆಯಿಸಿ, ಎಲ್ಲರಿಗೂ ಆರ್ಕಿಡ್ ಐಡಿ, ಅಂದರೆ ಪ್ರತಿ ಸಂಶೋಧಕರಿಗೂ ಅವರದೇ ಆದ ಗುರುತಿನ ಸಂಖ್ಯೆ, ಮಾಡಿಸಿದ್ದರಿಂದ ಕಳೆದುಹೋಗಿದ್ದ ಪ್ರಬಂಧಗಳು ಖಾತೆಗೆ ವಾಪಸ್ ಬಂದವು. ಅದು ಎಷ್ಟು ಸಣ್ಣ ಕೆಲಸ, ಎಷ್ಟು ವರ್ಷ ಮಾಡಲಿಲ್ಲ!

ಪೇಟೆಂಟ್ ಅರ್ಜಿಗಳಲ್ಲಿ ನಿಜವಾಗಿ ಹುರುಳಿದ್ದವನ್ನು ಆರಿಸಿ ಪರೀಕ್ಷೆಗೆ ಶುಲ್ಕ ಕಟ್ಟಿದೆವು. ಉಳಿದವನ್ನು ಬಿಟ್ಟೆವು. ಅಡಿಕೆ ಹಾಳೆಗೆ ಸಂಬಂಧಿಸಿದ ಒಂದು ಅರ್ಜಿಯ ಮೇಲೆ ನಮಗೆ ತುಂಬ ಆಸೆ ಇತ್ತು. ಅದು ಹೊಸತಲ್ಲ ಅಂತ ಪರೀಕ್ಷಕರು ಆಕ್ಷೇಪ ಎತ್ತಿದರು. ಕಾರಣ ನೋಡಿದರೆ ನಮ್ಮವರದ್ದೇ ಪೋಸ್ಟರ್. ಅರ್ಜಿ ಹಾಕುವ ಐದು ತಿಂಗಳ ಮೊದಲು ಒಂದು ಸಮ್ಮೇಳನದಲ್ಲಿ ಎಲ್ಲವನ್ನೂ ವಿವರವಾಗಿ ತೋರಿಸಿಬಿಟ್ಟಿದ್ದರು. ಮೊದಲು ಅರ್ಜಿ, ಆಮೇಲೆ ಪೋಸ್ಟರ್ ಅಂತ ಈಗ ಪ್ರತಿ ಹೊಸ ವಿದ್ಯಾರ್ಥಿಗೂ ಮೊದಲ ವಾರವೇ ಹೇಳುತ್ತೇವೆ. ಕೆಲಸ ಪೂರ್ತಿ ಆಗಿಲ್ಲ ಅಂದರೆ ತಾತ್ಕಾಲಿಕ ಅರ್ಜಿ ಹಾಕಬಹುದು, ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ.

ನೋವಿನ ಭಾಗವೂ ಇದೆ. ಇಬ್ಬರು ಅಧ್ಯಾಪಕರು ಬಿಟ್ಟುಹೋದರು. ಮತ್ತು ಆ ಕಿರಿಯ ಅಧ್ಯಾಪಕಿಯ ಬಡ್ತಿ ಒಂದು ವರ್ಷ ಮುಂದೆ ಹೋಯಿತು. ತಾವಾಗಿಯೇ ಬಂದು ಹೇಳಿದವರು ಅವರು. ಅವರು ಬಾಯಿ ಬಿಡದಿದ್ದರೆ ನಾವು ಆ ಶೀಟನ್ನು ತೆರೆದು ನೋಡುತ್ತಲೇ ಇರಲಿಲ್ಲ. ಅದೇ ಗುಂಪಿನ ಮೂಲಕ ಪ್ರಬಂಧ ಮಾಡಿ ಸುಮ್ಮನಿದ್ದ ಹಿರಿಯರಿಗೆ ಏನೂ ಆಗಲಿಲ್ಲ, ಯಾಕಂದರೆ ಅವರ ಪ್ರಬಂಧಗಳನ್ನು ಯಾರೂ ಹಿಂಪಡೆದಿರಲಿಲ್ಲ. ಇದು ನನಗೆ ಅವತ್ತೂ ಸರಿ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಬೇರೆ ಸಂಸ್ಥೆಯವರು ಈ ಥರದ ಪರಿಶೀಲನೆ ಶುರು ಮಾಡುವುದಾದರೆ, ಮೊದಲು ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ ಅಂತ ಬರೆದು ಸಹಿ ಹಾಕಿಯೇ ಶುರು ಮಾಡಿ. ನಾವು ಮಾಡಲಿಲ್ಲ. ನಮ್ಮ ದೊಡ್ಡ ತಪ್ಪು ಇದೇ.

ಈಗ ಹೊರಗಿನ ಗಾಳಿಯೂ ಬದಲಾಗಿದೆ. 2025ರ ಫೆಬ್ರವರಿಯಲ್ಲಿ ಯುಜಿಸಿ ಒಪ್ಪಿತ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು ನಿಲ್ಲಿಸಿತು. ಯಾವ ಜರ್ನಲ್ ಒಳ್ಳೆಯದು ಅಂತ ನೋಡುವ ಹೊಣೆ ಸಂಸ್ಥೆಗಳ ಮೇಲೆ ಬಂದಿದೆ. ಅದೇ ವರ್ಷ ಎನ್‌ಐಆರ್‌ಎಫ್ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಳೆಯುವ ಕ್ರಮ ತಂದಿತು. ಈ ಎರಡೂ ಸುದ್ದಿ ಬಂದಾಗ ಬೇರೆ ಕಡೆಯ ಗೆಳತಿಯರು ಫೋನ್ ಮಾಡಿ ನೀವು ಹೇಗೆ ಮಾಡಿದಿರಿ ಅಂತ ಕೇಳಿದರು. ಈ ಬರಹಕ್ಕೆ ಅದೇ ಕಾರಣ. ಅವರಿಗೆ ನಾನು ಹೇಳಿದ್ದು: ಸಾಫ್ಟ್‌ವೇರ್ ಕೊಳ್ಳುವ ಮೊದಲು ಇಬ್ಬರಿಗೆ ಎರಡು ತಿಂಗಳು ಬೇರೆ ಕೆಲಸ ಕೊಡಬೇಡಿ, ಲ್ಯಾಬುಗಳಿಗೆ ಕಳಿಸಿ. ಕೇಳುವವರು ಆಡಳಿತದವರಷ್ಟೇ ಆಗಬಾರದು, ಜೊತೆಗೆ ಸಂಶೋಧನೆ ಮಾಡಿದ ಒಬ್ಬರು ಇರಬೇಕು. ಇಲ್ಲದಿದ್ದರೆ ನೋಟ್‌ಬುಕ್ ತೋರಿಸಿದರೂ ಓದಲು ಬರುವುದಿಲ್ಲ. ಮತ್ತು ವರ್ಷದ ಕೊನೆಗೆ ಕೇಳಬೇಡಿ, ನವೆಂಬರ್‌ನಲ್ಲೇ ಕೇಳಿ. ವರದಿಯ ಗಡುವು ತಲೆ ಮೇಲೆ ಇರುವಾಗ ಯಾರಿಗೂ ನಿಜ ಹೇಳಲು ಪುರುಸೊತ್ತು ಇರುವುದಿಲ್ಲ.

ಮಲ್ಪೆಯ ಪೆಟ್ಟಿಗೆ ಮಾಡಿದ ಹುಡುಗ ತನ್ನ ಪಿಎಚ್‌ಡಿ ಪ್ರಬಂಧ ಮುಗಿಸುವುದನ್ನು ಎಂಟು ತಿಂಗಳು ಮುಂದೂಡಿದ. ಗೈಡ್ ಒಪ್ಪಿದರು, ಫೆಲೋಶಿಪ್ ಮುಂದುವರಿಸಲು ನಾವು ಓಡಾಡಿದೆವು. ಮಾರ್ಚ್, ಏಪ್ರಿಲ್, ಮೇ ಅವನು ಅಲ್ಲೇ ಇದ್ದ. ಬೆಳಿಗ್ಗೆ ಮೀನು ತೂಗಿ, ಸಂಜೆ ಮತ್ತೆ ತೂಗಿ, ಗಾಳಿ, ಬಿಸಿ, ತೇವ ಎಲ್ಲ ಬರೆದುಕೊಂಡ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆ 61 ದಿನ ಕ್ಯಾಂಪಸ್ಸಿಗೆ ಬಂದು ಲೆಕ್ಕ ಹಾಕಿದ. ಪೆಟ್ಟಿಗೆಯ ಯೋಚನೆ ಬಿಟ್ಟ. ಸೊಂಟದ ಎತ್ತರಕ್ಕೆ ಕಟ್ಟಿದ ಚಪ್ಪರ, ತುಕ್ಕು ಹಿಡಿಯದ ಪ್ಲಾಸ್ಟಿಕ್ ಬಲೆ, ಮೇಲೆ ಎಳೆದು ಮುಚ್ಚುವ ಹಾಳೆ. ಅದರಲ್ಲಿ ಪೇಟೆಂಟ್ ಆಗುವಂಥದ್ದು ಏನೂ ಇಲ್ಲ ಅಂತ ಅವನೇ ಹೇಳಿದ. ಮೊದಲ ಚಪ್ಪರ ಅಕ್ಟೋಬರ್‌ನ ಗಾಳಿಮಳೆಗೆ ಮಗುಚಿ ಬಿತ್ತು. ಕಾಲುಗಳನ್ನು ಅಗಲ ಮಾಡಲು ಹೇಳಿದವರು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ ಆ ಅಜ್ಜಿ.

ಈ ವರ್ಷದ ಶೀಟಿನಲ್ಲಿ ಆ ಸಾಲನ್ನು ಅವನೇ ತುಂಬಿಸಿ ಕಳಿಸಿದ್ದಾನೆ. 'ಈಗ ಎಲ್ಲಿದೆ?' ಎಂಬ ಕಾಲಂನಲ್ಲಿ ಹೀಗೆ ಬರೆದಿದ್ದಾನೆ: 'ಮಲ್ಪೆ. ಚಪ್ಪರ ನಾಲ್ಕು. ಮೂರು ಬಳಕೆಯಲ್ಲಿವೆ. ಒಂದರ ಬಲೆ ಹರಿದಿದೆ, ಶನಿವಾರ ಹೋಗಬೇಕು.'